ತನಗಿಂತ ಕೆಟ್ಟ ಬಾವಿ ಹುಡುಕಿದವನು

ಶ್ರೀಮಂತನೊಬ್ಬನಿದ್ದ ಎಂದು ಕಥೆ ಶುರು ಮಾಡಿದರೆ ನಿಮಗೆಲ್ಲ ಖುಷಿ. ಪೆಟ್ಟು ಬೀಳುವುದು ಅವನಿಗೆ, ನಾವು ಆರಾಮವಾಗಿ ಗೋಡೆಗೆ ಒರಗಿ ಕೇಳಬಹುದು ಎಂಬ ಧೈರ್ಯ. ಒರಗಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ.

ಈ ಶ್ರೀಮಂತನದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಕೆಂಪು, ನೀಲಿ, ಗಿಳಿಹಸಿರು, ಯಾವುದು ಬೇಕಾದರೂ ಸಿಗುತ್ತಿತ್ತು. ನೂಲಿಗೆ ಹಿಡಿದು ಉಳಿದ ಬಣ್ಣದ ನೀರು, ತೊಟ್ಟಿಯ ತಳದ ಕೆಸರು ಎಲ್ಲ ಎಲ್ಲಿಗೆ ಹೋಗಬೇಕು? ಹಿತ್ತಲ ಗೋಡೆಯ ಪಕ್ಕ ದೊಡ್ಡ ಗುಂಡಿಯಿತ್ತು, ಅಲ್ಲಿಗೆ. ಎಷ್ಟು ಸುರಿದರೂ ಗುಂಡಿ ತುಂಬುತ್ತಿರಲಿಲ್ಲ. "ಭೂತಾಯಿ ಎಲ್ಲಾನೂ ಹೊಟ್ಟೆಗೆ ಹಾಕ್ಕೋತಾಳೆ" ಎಂದು ಅವನು ಗುಂಡಿಗೆ ಕೈಮುಗಿಯುತ್ತಿದ್ದ. ಭಕ್ತಿಗೇನೂ ಕಡಿಮೆಯಿರಲಿಲ್ಲ, ನೋಡಿ!

ಒಂದು ದಿನ ಸರ್ಕಾರದಿಂದ ಆದೇಶ ಬಂತು. ಕಾರ್ಖಾನೆಯ ಪರವಾನಗಿ ಮುಂದುವರಿಯಬೇಕಾದರೆ ಅಲ್ಲಿನ ಮಣ್ಣು, ನೀರು ಎರಡೂ ಪರೀಕ್ಷೆಯಾಗಬೇಕು. ಪರೀಕ್ಷೆಗೆ ಮೇಡಂ ಒಬ್ಬರು ಬಂದರು. ಗುಂಡಿಯ ಸುತ್ತ ಕೊರೆಸಿ ಮೇಲಿನ ಮಣ್ಣು ಬೇರೆ, ಆಳದ ಮಣ್ಣು ಬೇರೆ ತೆಗೆದರು. ಕಾರ್ಖಾನೆಯ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟರು. ಶ್ರೀಮಂತನಿಗೆ ಒಂದೇ ಚಿಂತೆ. ಪರವಾನಗಿ ಹೋದರೆ ಕಾರ್ಖಾನೆ ಹೋಯಿತು, ಕಾರ್ಖಾನೆ ಹೋದರೆ ಅವನನ್ನು ಮಾತನಾಡಿಸುವವರು ಯಾರು?

ಹೊರಡುವಾಗ ಮೇಡಂ ಹೇಳಿದರು: "ಹೋಲಿಸಿ ನೋಡೋಕೆ ಊರಲ್ಲಿ ಇನ್ನೊಂದು ಬಾವಿ ನೀರು ಬೇಕು ಸರ್. ನಾಳೆ ಬರ್ತೀನಿ, ನೋಡಿಟ್ಟಿರಿ. ಅದು ಎಂಥ ಬಾವಿ ಆಗಿರಬೇಕು ಅಂದ್ರೆ..."

ಎಂಥದು ಎಂಬುದು ಅವನ ಕಿವಿಗೆ ಬೀಳಲೇ ಇಲ್ಲ. ಹೋಲಿಕೆ ಎಂದ ಕೂಡಲೇ ಅವನ ತಲೆ ಓಡಲು ಶುರುವಾಗಿತ್ತು. ಹೋಲಿಕೆಯೇ? ನನ್ನ ನೀರಿಗಿಂತ ಕೆಟ್ಟ ನೀರನ್ನು ಪಕ್ಕದಲ್ಲಿಟ್ಟರೆ ನನ್ನದು ಗಂಗೆಯಾಯಿತಲ್ಲ! ಸರಿ, ಊರಿನ ಆಚೆ ತುದಿಯಿಂದ ಹೊರಟ, ಕೆಟ್ಟ ಬಾವಿ ಹುಡುಕಿಕೊಂಡು.

"ನಿಮ್ಮ ಬಾವಿ ನೀರು ಹೆಂಗವ್ವಾ?"

"ನಮ್ದಾ? ಎಳನೀರು ಸ್ವಾಮಿ! ಆ ಪಕ್ಕದ ಮನೇದು ಕೇಳಿ, ಬೇಳೇನೇ ಬೇಯಕಿಲ್ಲ."

ಪಕ್ಕದ ಮನೆಯವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಅವ್ಳು ಹೇಳಿದ್ಲಾ? ನಮ್ಮ ನೀರಲ್ಲಿ ಬೇಳೆ ಬೆಣ್ಣೆ ಆಯ್ತದೆ. ಮುಂದಿನ ಮನೆಗೆ ಹೋಗಿ, ಬಿಳಿ ಪಂಚೆ ಅದ್ದಿದ್ರೆ ಹಳದಿ ಆಯ್ತದೆ."

ಮುಂದಿನ ಮನೆಯವನಿಗೆ ಸಿಟ್ಟೇ ಬಂತು. "ನಮ್ದು ಹಳದಿಯಾ? ಮೊದ್ಲು ಆ ಕೊನೇ ಮನೇದು ನೋಡಿ ಬನ್ನಿ!"

ನಗುತ್ತಿದ್ದೀರಿ. ತನ್ನ ಬಾವಿ ಕೆಟ್ಟಿದೆ ಎಂದು ಒಬ್ಬರಾದರೂ ಒಪ್ಪಿದರೇ? ಎಲ್ಲರ ಬೆರಳೂ ಪಕ್ಕದ ಮನೆಯತ್ತಲೇ. ಬೆರಳು ತೋರಿದ ಕಡೆಗೆಲ್ಲ ಅವನು ನಡೆದ. ಒಂದೊಂದು ಮನೆ ದಾಟಿದಂತೆ ತನ್ನ ಕಾರ್ಖಾನೆಯ ಚಿಮಣಿ ಹತ್ತಿರವಾಗುತ್ತಿದೆ ಎಂಬುದು ಮಾತ್ರ ಅವನಿಗೆ ಕಾಣಲಿಲ್ಲ.

ಕೊನೆಯ ಮನೆ ಅವನದೇ ಹಿತ್ತಲ ಗೋಡೆಗೆ ಅಂಟಿಕೊಂಡಿತ್ತು. ಅದು ಅವನ ಅಕ್ಕನ ಮನೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗೋಡೆ ಎದ್ದ ಮೇಲೆ ಇವನು ಆ ಕಡೆ ತಲೆ ಹಾಕಿರಲಿಲ್ಲ, ಹಬ್ಬಕ್ಕೆ ಅವಳೇ ಬಂದು ಹೋಗುತ್ತಿದ್ದಳು. ನಮ್ಮವಳೇ ಸಿಕ್ಕಳಲ್ಲ, ತಕರಾರಿಲ್ಲ ಎಂದು ಅವನು ಹಿಗ್ಗಿದ.

"ಅಕ್ಕಾ, ನಿನ್ನ ಬಾವಿ ನೀರು ಕೆಟ್ಟೋಗದಂತೆ?"

"ಯಾರಪ್ಪಾ ಹಂಗಂದೋರು? ಚೆನ್ನಾಗೇ ಅದೆ." ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹಂಗನ್ಬೇಡ ಅಕ್ಕಾ! ಕೆಟ್ಟದೆ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

ಒಡಹುಟ್ಟಿದವಳು ಕುಡಿಯುವ ನೀರು ಕೆಟ್ಟಿರಲಿ ಎಂದು ಕಾಲಿಗೆ ಬೀಳುವವನನ್ನು ನೀವೆಲ್ಲಾದರೂ ನೋಡಿದ್ದೀರಾ? ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. "ನೀನೇ ಕೇಳ್ತಿದ್ದೀಯಲ್ಲ, ಹೇಳ್ತೀನಿ. ಕೆಟ್ಟದೆ ಕಣಪ್ಪಾ. ಅನ್ನ ಬಣ್ಣ ತಿರುಗ್ತದೆ, ಮೈಯೆಲ್ಲ ಕಡಿತ" ಎಂದಳು. ಅವನು ಹಾಲು ಕುಡಿದಷ್ಟು ಸಂತೋಷಪಟ್ಟು ಮನೆಗೆ ಹೋದ.

ಮಾರನೇ ದಿನ ಮೇಡಂ ಬಂದು ಅಕ್ಕನ ಬಾವಿಯಿಂದ ನೀರು ಸೇದಿಸಿದರು. ಬಕೆಟ್ಟಿನ ನೀರಲ್ಲಿ ತೆಳುವಾದ ನೀಲಿ. ಮೇಡಂ ನೀರನ್ನು ನೋಡಿದರು, ಗೋಡೆಯನ್ನು ನೋಡಿದರು.

"ಸರ್, ನಿನ್ನೆ ನಾನು ಹೇಳಿದ್ದು ಪೂರ್ತಿ ಕೇಳಲಿಲ್ವಾ? ಹೋಲಿಕೆಗೆ ಬೇಕಾಗಿದ್ದು ನಿಮ್ಮ ಗುಂಡಿ ನೀರು ಮುಟ್ಟದೇ ಇರೋ ಒಳ್ಳೆ ಬಾವಿ. ನೀವು ತೋರಿಸಿದ್ದು ಗುಂಡಿ ನೀರು ಎಲ್ಲಿಗೆ ಹರೀತಿದೆ ಅನ್ನೋದನ್ನ. ಅದನ್ನ ಹುಡುಕೋಕೆ ನಮಗೆ ತಿಂಗಳುಗಟ್ಟಲೆ ಹಿಡೀತಿತ್ತು. ಬಹಳ ಉಪಕಾರ ಆಯ್ತು."

ಶ್ರೀಮಂತ ಅಕ್ಕನ ಕಡೆ ತಿರುಗಿ, "ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು?" ಎಂದು ರೇಗಿದ.

"ಹೇಳಿದ್ರೆ ಜನ ನಿನ್ನ ಬಯ್ಯಲ್ವೇನೋ" ಎಂದಳು ಅಕ್ಕ.

ಆಗ ಅವನು ಅವಳ ಕೈ ನೋಡಿದ. ಚರ್ಮ ಸುಲಿದು ಬಿರುಕು ಬಿಟ್ಟಿತ್ತು. ತುತ್ತು ಮಾಡಿ ತನ್ನ ಬಾಯಿಗಿಟ್ಟ ಕೈ. ಅವನಿಗೆ ಪರವಾನಗಿ ಮರೆತುಹೋಯಿತು. "ಮೇಡಂ, ಆ ಬಾಟಲಿ ಮೇಲೆ ನನ್ನ ಹೆಸರೇ ಬರೀರಿ. ಇದು ನನ್ನ ನೀರೇ" ಎಂದ.

ಅವನ ಪರೀಕ್ಷೆ ಅಲ್ಲಿಗೆ ಮುಗಿಯಿತು. ನಮ್ಮದು? ನಾವು ದಿನಾ ಹುಡುಕುವುದೂ ನಮಗಿಂತ ಕೆಟ್ಟ ಬಾವಿಯನ್ನೇ ಅಲ್ಲವೇ? ಪಕ್ಕದ ಮನೆಯವನು ಹೆಂಡತಿಗೆ ಹೊಡೆಯುತ್ತಾನೆ, ನಾನು ತಟ್ಟೆಯನ್ನಷ್ಟೇ ಎಸೆಯುತ್ತೇನೆ. ಎದುರುಮನೆಯ ಅತ್ತೆ ಸೊಸೆಗೆ ಊಟವನ್ನೇ ಹಾಕುವುದಿಲ್ಲ, ನಾನು ಊಟ ಹಾಕಿ ಎರಡು ಮಾತು ಅನ್ನುತ್ತೇನೆ. ಊರು ದೊಡ್ಡದು, ನಮಗಿಂತ ಕೆಟ್ಟವರು ಹುಡುಕಿದಷ್ಟೂ ಸಿಗುತ್ತಾರೆ. ಸಿಕ್ಕರೆ ನಮ್ಮ ಗುಂಡಿ ಚೊಕ್ಕಟವಾಗುತ್ತದೆಯೇ?

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನಿಮ್ಮ ಗೋಡೆಗೆ ಅಂಟಿಕೊಂಡು ಬದುಕುವವರು ಯಾರಿದ್ದಾರೋ, ಹೆಂಡತಿಯೋ, ಗಂಡನೋ, ಸೊಸೆಯೋ, ಅವರ ಹತ್ತಿರ ಕೂತು, ನನ್ನಿಂದ ನಿನಗೇನು ನೋವು ಎಂದು ಕೇಳಿ. ಏನಿಲ್ಲ, ಚೆನ್ನಾಗೇ ಇದೆ ಎನ್ನುತ್ತಾರೆ. ನಂಬಬೇಡಿ, ಇನ್ನೊಮ್ಮೆ ಕೇಳಿ. ಹೇಳಿದಾಗ ವಾದಕ್ಕಿಳಿಯಬೇಡಿ, ನಿಮ್ಮಣ್ಣ ನನಗಿಂತ ಕೆಟ್ಟವನು ಎಂದು ಭಾವಮೈದುನನ ಬಾವಿ ತೋರಿಸಬೇಡಿ. ಬಾಯಿ ಮುಚ್ಚಿಕೊಂಡು ಅವರ ಕೈ ನೋಡಿ. ನಾಳೆ ಬೆಳಗ್ಗೆಯಿಂದ ಆ ಕಡೆಗೆ ಸುರಿಯುವುದನ್ನು ನಿಲ್ಲಿಸಿ.