ಕವಲೊಡೆದ ಕೊಂಡಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇಂದಿನ ಸನ್ಮಾನಕ್ಕೆ ಪಾತ್ರರಾದ ನಮ್ಮ ಯುವ ವಿಜ್ಞಾನಿಯವರೇ, ಕೀಟ ಸಂಗ್ರಹಾಲಯದ ನನ್ನ ಹಳೆಯ ಸಹೋದ್ಯೋಗಿಗಳೇ, ಹುಳದ ಬಗ್ಗೆ ಭಾಷಣವೆಂದು ತಿಳಿದೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಅಧ್ಯಕ್ಷರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೆರಡು ವರ್ಷ ಜಿಗಿಹುಳುಗಳನ್ನು ನೋಡಿದವನಿಗೆ ಹತ್ತು ನಿಮಿಷ ಧಾರಾಳವಾಯಿತು. ಅವೂ ಒಂದೆಡೆ ಅಷ್ಟು ಹೊತ್ತು ಕೂರುವುದಿಲ್ಲ.

ಜಿಗಿಹುಳು ಎಂದರೆ ಏನು? ಅಕ್ಕಿಕಾಳಿಗಿಂತ ಚಿಕ್ಕದು, ಎಲೆಯ ರಸ ಹೀರಿ ಬದುಕುವಂಥದು. ಹಿಂಗಾಲಿನ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಮುಳ್ಳಿನ ಸಾಲು. ಮುಟ್ಟಹೋದರೆ ಇಲ್ಲ. ಅದರ ಹಾಡು ನಮ್ಮ ಕಿವಿಗೆ ಬೀಳುವುದಿಲ್ಲ. ಗಿಡದ ದಂಟಿನೊಳಗೇ ನಡುಕವಾಗಿ ಹರಿದು ಮತ್ತೊಂದು ಹುಳುವಿನ ಕಾಲಿಗೆ ತಲುಪುತ್ತದೆ. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಹೆಂಡತಿಯೂ ಹಳೆಯ ಗ್ರಾಮಫೋನಿನ ಮುಳ್ಳನ್ನು ಹುಲ್ಲಿನ ದಂಟಿಗೆ ತಾಗಿಸಿ ಅದನ್ನು ಕೇಳಿದ್ದೆವು. ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಗಣ್ಣಿನಲ್ಲಿ ಮಾತಾಡುತ್ತಿರುವ ಹಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು, "ಶ್... ಏನೋ ಹೇಳ್ತಿದೆ, ಸುಮ್ಮನಿರಿ" ಎಂದಳು. ಸುಮ್ಮನಿರಬೇಕಾದಾಗ ನಾನು ಸುಮ್ಮನಿದ್ದದ್ದು ಅದೊಂದೇ ಸಲವಿರಬೇಕು.

ಅವಳು ನಮ್ಮ ಸಂಗ್ರಹಾಲಯದ ಚಿತ್ರಗಾರ್ತಿ. ನಾನು ಹುಳುವಿನ ಹೊಟ್ಟೆಯ ತುದಿಯನ್ನು ಕತ್ತರಿಸಿ, ಕ್ಷಾರದಲ್ಲಿ ಕಾಯಿಸಿ, ಗ್ಲಿಸರಿನ್ ಹನಿಯೊಳಗೆ ಬಿಡುತ್ತಿದ್ದೆ. ಜಿಗಿಹುಳುವಿನ ಕುಲ ಯಾವುದೆಂದು ತಿಳಿಯಬೇಕಾದರೆ ರೆಕ್ಕೆಯ ಬಣ್ಣ ನಂಬುವ ಹಾಗಿಲ್ಲ. ಗಂಡಿನ ಹೊಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ಕೊಂಡಿಯೊಂದಿರುತ್ತದೆ, ಅದನ್ನು ನೋಡಬೇಕು. ಸೂಕ್ಷ್ಮದರ್ಶಕದಡಿ ಅದು ಜೇನುಬಣ್ಣದ ಬೆಳಕಿನಲ್ಲಿ, ಯಾವ ಅವಸರವೂ ಇಲ್ಲದೆ ತೇಲುತ್ತಿರುತ್ತದೆ. ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯದು.

ಆಗಲೇ ಗೊತ್ತಿದ್ದ ಕುಲದಲ್ಲಿ ಆ ಕೊಂಡಿ ಕವಲೊಡೆದಿರುತ್ತದೆ. ನನಗೆ ಸಿಕ್ಕ ಹುಳುವಿನಲ್ಲಿ ಕವಲಿರಲಿಲ್ಲ. ಹಾಗಾದರೆ ಏನು? ಹೊಸ ಕುಲ! ಕುಣಿದಾಡಿಬಿಟ್ಟೆ. ಹೆಂಡತಿಯ ಹೆಸರಿಗೆ ಲ್ಯಾಟಿನ್ ಬಾಲವೊಂದನ್ನು ಅಂಟಿಸಿ ಅದಕ್ಕೆ ಇಟ್ಟೆ. ಅವಳು ಮಾತ್ರ ಹನಿಯೊಳಗಿನ ಕೊಂಡಿಯನ್ನು ಪಕ್ಕಕ್ಕೆ ಹೊರಳಿಸಿ ನೋಡಿ, "ರೀ, ಇದರ ಹಿಂದೆ ಇನ್ನೊಂದು ಕೊಂಬೆ ಅಂಟ್ಕೊಂಡಿದೆ ಕಣ್ರೀ" ಎಂದಳು.

"ಅದು ಧೂಳಿನ ಎಳೆ. ಎದುರಿನಿಂದ ಕಾಣೋದನ್ನ ಬಿಡಿಸು, ಸಾಕು."

ಅವಳು ಎದುರಿನ ನೋಟ, ಪಕ್ಕದ ನೋಟ ಎರಡನ್ನೂ ಬಿಡಿಸಿದಳು. ನಾನು ಒಂದನ್ನೇ ಅಚ್ಚಿಗೆ ಕೊಟ್ಟೆ.

ಆರು ವರ್ಷದ ಹಿಂದೆ ಅವಳು ತೀರಿಕೊಂಡಳು. ಆಮೇಲೆ ಅವಳ ಹೆಸರನ್ನು ಬಾಯ್ತುಂಬ ಹೇಳುವ ಸಂದರ್ಭಗಳೇ ಕಡಿಮೆಯಾದವು. ಆದರೆ ಕಪಾಟಿನ ನಲವತ್ತನೆಯ ಖಾನೆಯ ಮೇಲೆ ಆ ಹೆಸರಿತ್ತು. ಬೇರೆ ದೇಶಗಳ ಪಟ್ಟಿಗಳಲ್ಲಿಯೂ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಇಂದು ಸನ್ಮಾನಿತರಾಗಿರುವ ಇವರು ನನ್ನ ಕೊನೆಯ ವಿದ್ಯಾರ್ಥಿನಿ. ಇವರು ಬರೆದ ಪ್ರಬಂಧದ ಸಾರ ನಿಮಗೆಲ್ಲ ಗೊತ್ತು: ನನ್ನ ಕುಲ ಕುಲವೇ ಅಲ್ಲ, ಹಳೆಯ ಕುಲದ್ದೇ ಹುಳು ಅದು, ಆ ಹೆಸರು ನಿಲ್ಲುವುದಿಲ್ಲ. ಆದರೆ ಆ ಪ್ರಬಂಧ ಅಚ್ಚಾಗಲು ತಡವಾದದ್ದೇಕೆ? ಪತ್ರಿಕೆಯವರು ಪರಿಶೀಲನೆಗೆಂದು ಒಬ್ಬರಿಗೆ ಕಳಿಸಿದ್ದರು. ಆತ ಹದಿನಾಲ್ಕು ತಿಂಗಳು ಅದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡ. "ಇನ್ನಷ್ಟು ಪುರಾವೆ ಬೇಕು" ಎಂದು ಎರಡು ಸಲ ಬರೆದ. ಅಷ್ಟರಲ್ಲಿ ಇವರಿಗೆ ಸಿಗಬೇಕಿದ್ದ ಖಾಯಂ ಹುದ್ದೆ ಬೇರೆಯವರ ಪಾಲಾಯಿತು.

ಪರಿಶೀಲಕರ ಹೆಸರು ಗುಟ್ಟಾಗಿರಬೇಕೆಂಬುದು ನಿಯಮ. ಅದನ್ನು ಇಂದು ಮುರಿಯುತ್ತಿದ್ದೇನೆ. ಆತ ನಾನೇ.

ಮಗೂ, ಹಾಗೆ ನೋಡಬೇಡ. ಮುಗಿಸಿಬಿಡುತ್ತೇನೆ.

ಪಾಪ, ಪುರಾವೆ ಹುಡುಕಿಕೊಂಡು ಇವಳು ನನ್ನ ಮನೆಗೇ ಬಂದಳು. "ಸರ್, ಯಾರೋ ಪುಣ್ಯಾತ್ಮರು ಒಪ್ತಾನೇ ಇಲ್ಲ. ಮೇಡಂ ಬಿಡಿಸಿದ ಮೂಲ ಚಿತ್ರ ಇದ್ರೆ ಕೊಡ್ತೀರಾ?" ಎಂದಳು. ಇಲ್ಲವೆನ್ನಬಹುದಿತ್ತು. ಆದರೆ ನನ್ನ ಹೆಂಡತಿಯ ಚಿತ್ರವನ್ನು ಯಾರಾದರೂ ಕೇಳಿಕೊಂಡು ಬಂದು ಎಷ್ಟು ಕಾಲವಾಗಿತ್ತು! ಕಡತ ತಂದುಕೊಟ್ಟೆ. ಎರಡನೆಯ ಹಾಳೆ ಹೊರಬಂತು. ಪಕ್ಕದ ನೋಟ, ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಕೊಂಬೆಗಳು, ಅವುಗಳ ನಡುವೆ ಚುಕ್ಕಿ ಚುಕ್ಕಿಯಾಗಿ ಇಟ್ಟ ನೆರಳು.

"ಅದು ಧೂಳಮ್ಮ," ಎಂದೆ. ನನ್ನ ದನಿ ನನಗೇ ದೂರದಿಂದ ಬಂದಂತಿತ್ತು.

ಇವಳು ಹಾಳೆಯಿಂದ ಕಣ್ಣೆತ್ತದೆ ಕೇಳಿದಳು: "ಸರ್, ಮೇಡಂ ಧೂಳನ್ನ ಇಷ್ಟು ಪ್ರೀತಿಯಿಂದ ಬಿಡಿಸ್ತಿದ್ರಾ?"

ಹೆಂಡತಿಯ ಹೆಸರು ಉಳಿಯಲೆಂದು ಅವಳ ಕಣ್ಣನ್ನೇ ಸುಳ್ಳು ಮಾಡಲು ಹೊರಟಿದ್ದೆನಲ್ಲ! ಅಂದು ಮಧ್ಯಾಹ್ನವೇ ಒಪ್ಪಿಗೆ ಬರೆದು ಕಳಿಸಿದೆ. ಮರುದಿನ ಸಂಗ್ರಹಾಲಯಕ್ಕೆ ಹೋಗಿ ಆ ಖಾನೆಯ ಚೀಟಿಯನ್ನು ನಾನೇ ಬಿಡಿಸಿ ತೆಗೆದೆ. ಪಿನ್ನಿಗೆ ಚುಚ್ಚಿದ್ದ ಹದಿನೇಳು ಹುಳುಗಳನ್ನು ಒಂದೊಂದಾಗಿ ಹಳೆಯ ಕುಲದ ಖಾನೆಗೆ ಸೇರಿಸಿದೆ. ಒಂದರ ಕಾಲೂ ಮುರಿಯಲಿಲ್ಲ.

ಅಚ್ಚಾದ ಪ್ರಬಂಧದಲ್ಲಿ ಆ ಎರಡನೆಯ ಚಿತ್ರವಿದೆ. ಕೆಳಗೆ, ಲ್ಯಾಟಿನ್ ಬಾಲವಿಲ್ಲದೆ, ಅವಳ ಪೂರ್ತಿ ಹೆಸರಿದೆ.

ಮಗೂ, ನಿನ್ನ ಹುದ್ದೆ ಹೋದದ್ದು ನನ್ನಿಂದ. ಇಲ್ಲಿ ಕ್ಷಮೆ ಕೇಳುವುದಿಲ್ಲ. ತುಂಬಿದ ಸಭೆಯಲ್ಲಿ ಕೇಳಿದರೆ ನೀನು ಕೊಡಲೇಬೇಕಾಗುತ್ತದೆ. ನಾಳೆ ಹನ್ನೊಂದಕ್ಕೆ ಕಪಾಟಿನ ಕೋಣೆಯಲ್ಲಿರುತ್ತೇನೆ. ಬಂದು ಬೈಯಬೇಕೆನಿಸಿದರೆ ಬೈ. ಬಾರದಿದ್ದರೂ ಸರಿಯೇ.

ಅಧ್ಯಕ್ಷರೇ, ನೀವು ಗಡಿಯಾರ ನೋಡದೆ ಕುಳಿತದ್ದಕ್ಕೆ ಋಣಿ. ಸಭಿಕರೇ, ಕೊನೆಗೆ ಚಪ್ಪಾಳೆ ತಟ್ಟುವುದಾದರೆ ಅದು ಇವಳಿಗೆ ಸೇರಲಿ. ನಿಮಗೆಲ್ಲ ನನ್ನ ನಮಸ್ಕಾರ.