ಬಾವಿಕಟ್ಟೆಯ ಬಳಿ ಚಾರ್ಜ್ ಕೊಟ್ಟದ್ದು

ಕತೆ ಅನ್ನಬೇಡಿ. ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸುಳ್ಳು ಹೇಳಿ ಗೊತ್ತಿಲ್ಲದವಳು.

ಅವತ್ತು ರಾತ್ರಿ ಆಸ್ಪತ್ರೆಯ ಹಿಂದಿನ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಪಕ್ಕದಲ್ಲಿ ಪಾಳುಬಾವಿ, ಅದರ ಮೇಲೆ ಬಾಗಿದ ಆಲದ ಮರ. ಹಿಂದಿನ ದಿನ ಬೆಳಿಗ್ಗೆ ಡ್ಯೂಟಿಗೆ ಬಂದವಳು ಇನ್ನೂ ಮನೆ ಮುಖ ನೋಡಿರಲಿಲ್ಲ. ಅವಳನ್ನು ಬಿಡಿಸಲು ಬರಬೇಕಾದ ನರ್ಸ್ ಪ್ರೈವೇಟ್ ಆಸ್ಪತ್ರೆ ಸೇರಿದ್ದಳು. ಅದಕ್ಕೆ ಮುಂಚೆ ಇದ್ದವಳು ವಿದೇಶಕ್ಕೆ ಹೋಗಿದ್ದಳು. ಆ ಜಾಗಗಳಿಗೆ ಹೊಸಬರು ಬಂದೇ ಇರಲಿಲ್ಲ. ಆದರೆ ಅಲ್ಲೊಂದು ಕಟ್ಟುನಿಟ್ಟು. ಔಷಧಿ ಬೀರುವಿನ ಬೀಗದ ಕೈಯನ್ನು ಮುಂದಿನ ನರ್ಸಿನ ಕೈಗೇ ಕೊಡಬೇಕು, ಮೇಜಿನ ಮೇಲಿಟ್ಟು ಹೋಗುವಂತಿಲ್ಲ. ಅದಕ್ಕೆ ಚಾರ್ಜ್ ಕೊಡುವುದು ಅಂತಾರೆ. ತೆಗೆದುಕೊಳ್ಳುವವರು ಇಲ್ಲದಿದ್ದರೆ ಬಿದ್ದು ಸಾಯಿ, ವಾರ್ಡ್ ಮಾತ್ರ ಬಿಡಬೇಡ.

ಆ ಸಂಜೆ ಅಕ್ಕ ಕಿಟಕಿ ಪಕ್ಕದ ಮುದುಕನಿಗೆ ಬೇರೆಯವರ ಇಂಜೆಕ್ಷನ್ ಚುಚ್ಚಲು ಹೋಗಿದ್ದಳು. ಸೂಜಿ ಇನ್ನೇನು ತೋಳಿಗೆ ತಾಗಬೇಕು, ಆಗ ಎಚ್ಚರವಾಯಿತು. ವಾರ್ಡಿನಲ್ಲಿ ಆಯಾಳನ್ನು ಕೂರಿಸಿ ಆಸ್ಪತ್ರೆ ಹಿಂದಿದ್ದ ದೊಡ್ಡ ಡಾಕ್ಟರ ಮನೆಗೆ ಓಡಿದಳು.

ಅವರು ಊಟ ಮಾಡುತ್ತಿದ್ದರು. ಎದ್ದೂ ಬರಲಿಲ್ಲ.

“ಸರ್, ಕಣ್ಣು ಮಂಜಾಗ್ತಿದೆ. ಈ ರಾತ್ರಿ ನನ್ನ ಕೈಯಲ್ಲಿ ಯಾರಾದ್ರೂ ಸಾಯ್ತಾರೆ.”

“ಅಡ್ಜಸ್ಟ್ ಮಾಡ್ಕೊಳಮ್ಮ. ನರ್ಸ್ ಅಂದ್ರೆ ಸೇವೆ ಅಲ್ವಾ?” ಅಂದರು, ಬೆರಳು ನೆಕ್ಕುತ್ತಾ.

ಥೂ... ಆ ಬೆರಳು ನೆಕ್ಕುವ ಸದ್ದು, ಪಚ್ ಪಚ್, ಈಗಲೂ ಕಿವಿಯಲ್ಲಿದೆ ಅಂತಾಳೆ ಅಕ್ಕ. ಮುಂದೆ ಕಂಡದ್ದನ್ನು ನೆನೆದರೆ ಭಯವಾಗುತ್ತದಂತೆ. ಇದನ್ನು ನೆನೆದರೆ ಹೇಸಿಗೆಯಾಗುತ್ತದಂತೆ.

ವಾರ್ಡಿಗೆ ವಾಪಸ್ಸು ಹೊರಟವಳು ಆಲದ ಮರದ ಹತ್ತಿರ ಬಂದಾಗ... ಟಪ್. ನೀರು ತೊಟ್ಟಿಕ್ಕಿದ ಸದ್ದು. ಮಳೆ ಇರಲಿಲ್ಲ. ಟಪ್... ಟಪ್... ಆಮೇಲೆ ಒದ್ದೆ ಚಪ್ಪಲಿ. ಪಿಚಕ್, ಪಿಚಕ್.

ಬಾವಿಕಟ್ಟೆಯ ಬಳಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಳು. ಬಿಳಿ ಬಟ್ಟೆ ಅಂದಕೂಡಲೇ ನಗಬೇಡಿ, ನರ್ಸುಗಳು ಇನ್ನೇನು ಹಾಕಿಕೊಳ್ಳುತ್ತಾರೆ?

“ರಾತ್ರಿ ಡ್ಯೂಟಿಗೆ ಬಂದೆ ಸಿಸ್ಟರ್... ಚಾರ್ಜ್ ಕೊಡಿ.” ಪಿಸುಮಾತು.

“ಹೊಸಬರಾ?”

“ಹಳಬಳೇ... ನನ್ನನ್ನ ಬಿಡಿಸೋಕೆ ಯಾರೂ ಬರ್ಲಿಲ್ಲ.”

ಆ ಮಾತು ಅಕ್ಕನ ತಲೆಗೆ ಹೋಗಲೇ ಇಲ್ಲ. ನಿದ್ದೆಗೆಟ್ಟ ನರ್ಸು ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಯಾರಿಗೆ ಯಾವ ಮದ್ದು, ಯಾರ ಡ್ರಿಪ್ಸ್ ಬದಲಿಸಬೇಕು, ಕಿಟಕಿ ಪಕ್ಕದ ಮುದುಕನಿಗೆ ಯಾವ ಇಂಜೆಕ್ಷನ್, ಎಲ್ಲ ಅಲ್ಲೇ ನಿಂತು ಒಪ್ಪಿಸಿದಳು. ಬೀಗದ ಕೈ ತೆಗೆದುಕೊಂಡ ಬೆರಳು ಮಂಜುಗಡ್ಡೆಯ ಹಾಗಿದ್ದವು. ಅಕ್ಕ ಮನೆಗೆ ಹೋಗಿ ಹೆಣದ ಹಾಗೆ ಮಲಗಿದಳು.

ಬೆಳಿಗ್ಗೆ ಎದ್ದು, ಬೀಗದ ಕೈ ಯಾರಿಗೆ ಕೊಟ್ಟೆ ಅಂತ ಗಾಬರಿಯಾಗಿ ಓಡಿ ಬಂದರೆ ವಾರ್ಡಿನಲ್ಲಿ ಎಲ್ಲರೂ ಸುಖವಾಗಿದ್ದಾರೆ. ಹೊತ್ತು ಹೊತ್ತಿಗೆ ಮದ್ದು ಸಿಕ್ಕಿದೆ.

“ಒಳ್ಳೆ ಸಿಸ್ಟರ್ ಕಣಮ್ಮ,” ಅಂದ ಮುದುಕ. “ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ಪಾಪ, ಬಟ್ಟೆ ಮಾತ್ರ ತೊಯ್ದು ತೊಪ್ಪೆಯಾಗಿತ್ತು.”

ಆಯಾ ಬೀರುವಿನ ಮುಂದೆ ನೆಲ ಒರೆಸುತ್ತಿದ್ದಳು. “ನಾನು ಕಣ್ಣು ಮುಚ್ಕೊಂಡು ಕೂತಿದ್ದೆ, ತಾಯಿ,” ಅಂದಳು ಮೆಲ್ಲಗೆ. ಹಿಂದೊಮ್ಮೆ ಹೀಗೇ ಡ್ಯೂಟಿ ಮೇಲೆ ಡ್ಯೂಟಿ ಮಾಡಿದ ನರ್ಸೊಬ್ಬಳು, ನಲ್ಲಿಯಲ್ಲಿ ನೀರು ನಿಂತ ರಾತ್ರಿ ಬಾವಿಗೆ ಹೋಗಿ, ಸೇದುತ್ತಲೇ ತೂಕಡಿಸಿ ಒಳಗೆ ಬಿದ್ದಿದ್ದಳಂತೆ. ಅವಳ ಜಾಗ ಇವತ್ತಿಗೂ ಖಾಲಿ.

ದೊಡ್ಡ ಡಾಕ್ಟರಿಗೆ ಇದನ್ನು ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. “ನೋಡಮ್ಮ, ಅಡ್ಜಸ್ಟ್ ಆಯ್ತಲ್ಲ,” ಅಂದರು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ. ರಾತ್ರಿಗೆ ಹೊಸ ನರ್ಸು ಬೇಕಿಲ್ಲ ಅಂತ ಮೇಲಿನವರಿಗೆ ಆಗಲೇ ಫೋನ್ ಕೂಡ ಮಾಡಿದ್ದರು. ಸತ್ತವಳ ಹತ್ತಿರವೂ ದುಡಿಸಿಕೊಳ್ಳುವ ಜನ. ಅಸಹ್ಯ.

ಅಕ್ಕ ಅಲ್ಲೇ ಕೆಲಸ ಬಿಡುತ್ತೇನೆ ಅಂದಳು.

“ಚಾರ್ಜ್ ಕೊಡದೆ ಹೇಗೆ ಹೋಗ್ತೀಯಾ?”

“ಕೊಟ್ಟಾಯ್ತು ಸರ್. ಬೀಗದ ಕೈ ಅವಳ ಹತ್ರ ಇದೆ. ಬಾವಿಗೆ ಹೋಗಿ ನೀವೇ ಇಸ್ಕೊಳ್ಳಿ.”

ಅವರು ಹೋಗಲಿಲ್ಲ. ಬೀಗ ಒಡೆಸಿ ಹೊಸದು ಹಾಕಿಸಿದರು. ಮಾರನೆಯ ಬೆಳಿಗ್ಗೆ ಹೊಸ ಬೀಗ ಮೇಜಿನ ಮೇಲಿತ್ತು... ಬೀರುವಿಗೆ ಹಳೆಯದೇ ನೇತಾಡುತ್ತಿತ್ತು.

ಅಕ್ಕ ಈಗ ಬೇರೆ ಕಡೆ ಚೆನ್ನಾಗಿದ್ದಾಳೆ. ಒಂದೇ ಕೊರಗು ಅವಳಿಗೆ. “ನಾನೇನೋ ತಪ್ಪಿಸ್ಕೊಂಡೆ. ಅವಳನ್ನ ಯಾರು ಬಿಡಿಸ್ತಾರೆ?” ಅಂತಾಳೆ. ಆ ವಾರ್ಡಿಗೆ ರಾತ್ರಿ ನರ್ಸ್ ಇನ್ನೂ ಬಂದಿಲ್ಲ. ನನ್ನ ಮಾತು ನಂಬದಿದ್ದರೆ ಆಯಾಳನ್ನು ಕೇಳಿ. ಬೀರುವಿನಿಂದ ಹಿಂಬಾಗಿಲವರೆಗೆ ಒದ್ದೆ ಹೆಜ್ಜೆ ಇರುತ್ತವೆ. ಇವತ್ತು ಬೆಳಿಗ್ಗೆಯೂ ಒರೆಸಿದ್ದಾಳೆ.