ಅಪ್ಪನ ಪಾತ್ರ

...ಇಲ್ಲ ಅತ್ತಿಗೆ, ಇನ್ನೂ ಎರಡು ಇಂಚು ಬಿಡಬೇಕಾಗುತ್ತೆ. ನೀರಜ್ ಆರಡಿ ಇದಾನಲ್ಲ. ಚಂದ್ರಣ್ಣನ ಅಳತೆಗೆ ಹೊಲಿದಿದ್ದು ಅವನಿಗೆ ಮೊಣಕಾಲಿಗೆ ಬಂದು ನಿಲ್ಲುತ್ತೆ. ಸನ್ಯಾಸಿ ನಿಲುವಂಗಿ ಮೊಣಕಾಲಿಗೆ ಬಂದ್ರೆ ಜನ ನಗ್ತಾರೆ. ಕೆಳಗೆ ಮಡಚಿ ಹೊಲಿದಿದೀರಲ್ಲ, ಅದನ್ನ ಬಿಚ್ಚಿಬಿಡಿ. ಸಾಲದೇ ಹೋದ್ರೆ ಒಂದು ಪಟ್ಟಿ ಕೊಟ್ಟರಾಯ್ತು. ಸ್ಟೇಜ್ ಲೈಟಲ್ಲಿ ಯಾರಿಗೆ ಕಾಣುತ್ತೆ.

ನೀವು ಬರ್ತೀರಿ ಅಂತ ನಾನು ಅಂದುಕೊಂಡೇ ಇರಲಿಲ್ಲ. ವಿಕ್ರಾಂತ್ ಹೇಳಿದ್ದ, ಚಿಕ್ಕತಾಯಮ್ಮ ಆಂಟಿ ಈ ಸಲ ಬರಲ್ಲ, ಕಾಸ್ಟ್ಯೂಮ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ. ಕನ್ನಡ ಕೂಟಕ್ಕೆ ಪ್ರೆಸಿಡೆಂಟ್ ಆದಾಗಿನಿಂದ ಅವನಿಗೆ ಎಲ್ಲರ ಮನೆ ಒಳಗಿನದೂ ಗೊತ್ತು. ನೋಡಿ, ಬಂದ್ರಿ. ಸೂಜಿ ದಾರ ಸಮೇತ ಬಂದ್ರಿ.

ಚಂದ್ರಣ್ಣ ಕಾರಲ್ಲೇ ಕೂತಿದಾರಾ? ...ಇಲ್ವಾ. ಮನೇಲಿ. ಒಬ್ಬರೇನಾ? ...ಓ, ಹಂಸಾ ಬಂದಿದಾಳಾ. ಮಗಳು ಅಷ್ಟು ದೂರ ಜೆರಿಕೋದಿಂದ ಬಂದು ಕೂತಿದಾಳೆ ಅಂದ್ರೆ... ಇಲ್ಲ, ಒಳ್ಳೇದೇ. ಒಬ್ಬರನ್ನೇ ಬಿಡೋದು ಬೇಡ ಈಗ.

ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಕೂತ್ಕೊಳ್ಳಿ. ಸ್ಕೂಲಿನವರು ಬ್ಯಾಂಡ್ ರೂಮ್ ಕೊಟ್ಟಿದಾರೆ ಗ್ರೀನ್ ರೂಮ್‌ಗೆ, ಏನು ಮಾಡೋದು. ಶೋಗೆ ಇನ್ನೂ ಎರಡು ಗಂಟೆ ಟೈಮ್ ಇದೆ. ನನ್ನ ರಕ್ಷಾಕವಚ ನೋಡಿದ್ರಾ? ಯೋಗ ಮ್ಯಾಟ್ ಕತ್ತರಿಸಿ ಪಟ್ಟಿ ಪಟ್ಟಿ ಮಾಡಿ, ಶೂ ಲೇಸಲ್ಲಿ ಪೋಣಿಸಿದ್ದು. ಐಡಿಯಾ ಅಣ್ಣಂದೇ. ನಿಮ್ಮ ಡೈನಿಂಗ್ ಟೇಬಲ್ ಮೇಲೇ ಕೂತು ಮಾಡಿದ್ವಿ, ಚಳಿಗಾಲ ಪೂರ್ತಿ. ನೀವು ಬೈತಾ ಇದ್ರಿ, ಉಣ್ಣೋಕೆ ಜಾಗ ಬಿಡಿ ಅಂತ.

ಏನು? ...ಅಂಗೀನ ಯಾಕೆ ಹಂಗೆ ಎತ್ತಿ ಹಿಡಿದ್ರಿ? ಬೂದು ಬಣ್ಣ ಯಾಕೆ ಅಂತಾನಾ? ಅಣ್ಣ ಕಥೆ ಹೇಳಿಲ್ವಾ ನಿಮಗೆ? ...ಪೂರ್ತಿ ಹೇಳಿಲ್ಲ. ಹ್ಞೂಂ, ಪೂರ್ತಿ ಅವರಿಗೂ... ಇರ್ಲಿ. ನಾನು ಹೇಳ್ತೀನಿ. ನಿಮ್ಮ ಕೈ ಕೆಲಸ ನಡೀಲಿ.

ಸಾವಿರದ ನೂರ ಐವತ್ತಾರನೇ ಇಸವಿ. ಜಪಾನಿನ ರಾಜಧಾನಿ ಆಗ ಕ್ಯೋಟೋ. ಅಲ್ಲಿ ಇಬ್ಬರು ಅಣ್ಣ ತಮ್ಮ. ಅಣ್ಣ ಹಳೇ ಚಕ್ರವರ್ತಿ, ಪಟ್ಟದಿಂದ ಇಳಿಸಿದ್ದರು. ತಮ್ಮ ಈಗ ಪಟ್ಟದ ಮೇಲೆ ಕೂತಿರೋನು. ಇಬ್ಬರಿಗೂ ಜಗಳ. ಆದ್ರೆ ಚಕ್ರವರ್ತಿಗಳು ತಾವೇ ಕತ್ತಿ ಹಿಡಿಯಲ್ಲ, ಅದಕ್ಕೆ ಸಮುರಾಯ್ ಮನೆತನಗಳು. ಮಿನಾಮೊಟೊ ಅಂತ ಒಂದು, ತೈರಾ ಅಂತ ಒಂದು. ಇವರನ್ನ ಕಂಡ್ರೆ ಅವರಿಗಾಗಲ್ಲ, ಅವರನ್ನ ಕಂಡ್ರೆ ಇವರಿಗಾಗಲ್ಲ. ನೀವು ಏನಂದುಕೊಳ್ತೀರಿ? ಒಂದು ಮನೆತನ ಅಣ್ಣನ ಕಡೆ, ಇನ್ನೊಂದು ತಮ್ಮನ ಕಡೆ ಅಂತ ತಾನೇ? ಹಾಗಾಗಲಿಲ್ಲ. ಬಿರುಕು ಮನೆ ಒಳಗೇ ಬಿತ್ತು. ಮಿನಾಮೊಟೊದಲ್ಲಿ ಅಪ್ಪ ತಮೆಯೊಶಿ, ಹಳೇ ಚಕ್ರವರ್ತಿ ಕಡೆ ಹೋದ. ಮಗ ಯೊಶಿತೊಮೊ, ಅಂದ್ರೆ ನನ್ನ ಪಾತ್ರ, ಹೊಸಬನ ಕಡೆ. ತೈರಾದಲ್ಲೂ ಅಷ್ಟೇ. ಚಿಕ್ಕಪ್ಪ ಆ ಕಡೆ, ಮನೆ ಯಜಮಾನ ಕಿಯೊಮೊರಿ ಈ ಕಡೆ.

ಯುದ್ಧ ಒಂದೇ ರಾತ್ರಿ. ಮಗನೇ ನುಗ್ಗಿ ಅರಮನೆಗೆ ಬೆಂಕಿ ಇಟ್ಟ, ಬೆಳಗಾಗೋದರೊಳಗೆ ಮುಗೀತು. ಸೋತ ಮೇಲೆ ಆ ಮುದುಕ ತಲೆ ಬೋಳಿಸಿಕೊಂಡು, ಈ ಬಣ್ಣದ ಅಂಗಿ ತೊಟ್ಟುಕೊಂಡು, ಶರಣು ಅಂತ ಬಂದ. ಎಲ್ಲಿಗೆ ಬಂದ ಹೇಳಿ? ...ಹೌದು. ಮಗನ ಮನೆ ಬಾಗಿಲಿಗೇ. ಇನ್ನೆಲ್ಲಿಗೆ ಹೋಗ್ತಾನೆ? ಊರೆಲ್ಲಾ ಶತ್ರುಗಳು. ನಂಬೋಕೆ ಇದ್ದವನು ಅವನೊಬ್ಬ.

ಮಗ ಆಸ್ಥಾನಕ್ಕೆ ಹೋಗಿ ಬೇಡಿಕೊಂಡ. ಗೆದ್ದಿದ್ದಕ್ಕೆ ನನಗೇನೂ ಬೇಡ, ಅಪ್ಪನ ಜೀವ ಒಂದು ಕೊಡಿ ಅಂತ. ಆಗಲ್ಲ ಅಂದ್ರು. ಅಷ್ಟರಲ್ಲಿ ಆ ಕಿಯೊಮೊರಿ ಏನು ಮಾಡಿದ್ದ ಗೊತ್ತಾ? ತನ್ನ ಚಿಕ್ಕಪ್ಪನ ತಲೆ ತಾನೇ ತೆಗೆಸಿಬಿಟ್ಟಿದ್ದ. ಚಿಕ್ಕಪ್ಪನ ಮೇಲಿನ ಸಿಟ್ಟಿಗೆ ಅಲ್ಲ. ನಾನು ಚಕ್ರವರ್ತಿಗೆ ನಿಷ್ಠ, ನನ್ನ ಮನೆಯವನನ್ನೇ ಕಡಿದೆ, ಈಗ ನೀನೂ ಕಡಿ, ನೋಡೋಣ... ಹಾಗೆ. ಇವನು ಏನು ಮಾಡಬೇಕಿತ್ತು ಹೇಳಿ? ಆಜ್ಞೆ ಬಂದಿದೆ. ಮೀರಿದ್ರೆ ದ್ರೋಹಿ. ಅಪ್ಪನ್ನ ಕೊಲ್ಲಿಸಿದ. ತಮ್ಮಂದಿರನ್ನೂ. ಎಲ್ಲಾ ಆಗಿ ಮೂರು ಚಿಲ್ಲರೆ ವರ್ಷಕ್ಕೆ ಅದೇ ಕಿಯೊಮೊರಿ ಹತ್ರ ಸೋತು ಓಡಿಹೋಗ್ತಾ, ತನ್ನ ಕಡೆಯವನೇ ಒಬ್ಬನ ಮನೆಯಲ್ಲಿ ಸ್ನಾನ ಮಾಡೋವಾಗ ಸತ್ತ. ಆಶ್ರಯ ಕೊಟ್ಟವನೇ ಕೊಲ್ಲಿಸಿದ. ಅದು ನಮ್ಮ ನಾಟಕದಲ್ಲಿ ಇಲ್ಲ. ನಾನು ಅಪ್ಪನ ಸಾವಿಗೇ ಪರದೆ ಎಳೀತೀನಿ.

ಆಫೀಸಿನವರು ಕ್ಯೋಟೋಗೆ ಆರು ತಿಂಗಳು ಕಳಿಸಿದ್ರಲ್ಲ, ಆಗ ಕೇಳಿದ ಕಥೆ. ಹನ್ನೆರಡು ವರ್ಷ ತಲೇಲಿ ಇಟ್ಕೊಂಡಿದ್ದೆ. ಬರೆದು ಮುಗಿಸಿ ಮೊದಲು ಓದಿದ್ದು ಅಣ್ಣನ ಮುಂದೆ. ಓದಿ ಮುಗಿಸೋ ಹೊತ್ತಿಗೆ ಅವರ ಕಣ್ಣಲ್ಲಿ ನೀರು. "ಅಪ್ಪನ ಪಾತ್ರ ನಂದು ಕಣೋ ಶಿವು, ಬೇರೆ ಯಾರಿಗೂ ಕೊಡಬೇಡ" ಅಂದ್ರು.

ಯಾಕೆ ನಿಲ್ಲಿಸಿದ್ರಿ? ...ಹಾಗೆ ನೋಡಬೇಡಿ ಅತ್ತಿಗೆ. ನನಗೆ ಗೊತ್ತು ನೀವು ಏನು ಯೋಚನೆ ಮಾಡ್ತಿದೀರಿ ಅಂತ. ಆದ್ರೆ ಕೂಟದ್ದು ಬೇರೆ ವಿಷಯ. ಅಣ್ಣನ್ನ ಪಾತ್ರದಿಂದ ಬಿಡಿಸಿದ್ದು ಕಮಿಟಿ ತೀರ್ಮಾನ. ನನ್ನ ಕೈಲಿ ಏನಿತ್ತು?

ತಾಲೀಮಿಗೆ ನೀವು ಬರ್ತಿರಲಿಲ್ಲ, ನಿಮಗೆ ಗೊತ್ತಿಲ್ಲ. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಅಣ್ಣ ಒಂದು ಸಾಲು ಹಾರಿಸೋರು, ಎರಡು ಸಾಲು ಹಾರಿಸೋರು. ಎಲ್ಲರೂ ಮರೀತಾರೆ, ನಾನೂ ಮರೀತೀನಿ. ಒಂದು ಭಾನುವಾರ ಕೊನೇ ದೃಶ್ಯ ಮಾಡ್ತಾ ಇದ್ವಿ. ಅಪ್ಪ ಕೂತಿದಾನೆ, ಮಗ ಆಜ್ಞೆ ಓದಿ ಹೇಳೋಕೆ ಬರ್ತಾನೆ. ಅಪ್ಪ ತಲೆ ಎತ್ತಿ "ಬಾ, ಯಾರ ಮಾತು ಹೊತ್ತು ತಂದೆ?" ಅನ್ನಬೇಕು. ಅಣ್ಣ ತಲೆ ಎತ್ತಿದ್ರು. ನನ್ನ ಮುಖ ನೋಡಿದ್ರು. "ಬಂದ್ಯಾ ಶಿವು? ಊಟ ಆಯ್ತೇನೋ?" ಅಂದ್ರು.

ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ಬೇರೆ ತಟ್ಟಿದ್ರು. ಅಣ್ಣನೂ ನಕ್ಕರು, ಪಾಪ, ಯಾಕೆ ಅಂತ ಗೊತ್ತಾಗದೇನೇ.

ನಿಮಗೆ ನೆನಪಿರಬೇಕು, ನಾನು ನಿಮ್ಮ ಮನೆ ಬೇಸ್ಮೆಂಟಲ್ಲಿ ಇದ್ದಾಗ... ಎಂಟು ತಿಂಗಳು. ಕೆಲಸಕ್ಕೆ ಸೇರಿದ ಹೊಸತು, ಸಂಜೆ ಟ್ರೈನ್ ಇಳಿದು ಬಂದ್ರೆ ಅಣ್ಣ ಮೆಟ್ಟಿಲ ಮೇಲಿಂದ ಇದೇ ಮಾತು ಕೇಳೋರು. ದಿನಾ. ಆಗಿಲ್ಲ ಅಂದ್ರೆ ನೀವು ತಟ್ಟೆ ಹಾಕ್ತಿದ್ರಿ, ಆಯ್ತು ಅಂದ್ರೂ ಹಾಕ್ತಿದ್ರಿ. ನೀವಿಲ್ಲದೇ ಹೋಗಿದ್ರೆ ನಾನು ಆ ವರ್ಷವೇ ವಾಪಸ್ ಹೋಗಿರ್ತಿದ್ದೆ. ಅದನ್ನ ನಾನು ಎಲ್ಲರ ಹತ್ರಾನೂ ಹೇಳ್ತೀನಿ, ಬೇಕಾದ್ರೆ ಯಾರನ್ನಾದ್ರೂ ಕೇಳಿ.

ಅದಕ್ಕೇ ಹೇಳ್ತಿರೋದು, ನನಗೆ ಬೇರೆಯವರಿಗಿಂತ ಹೆಚ್ಚು ಸಂಕಟ. ಕಮಿಟಿ ಮೀಟಿಂಗಲ್ಲಿ ಎಷ್ಟು ಕೇಳ್ಕೊಂಡೆ ಗೊತ್ತಾ? ನಾಟಕಾನೇ ಬಿಡ್ತೀನಿ ಅಂದೆ. ವಿಕ್ರಾಂತ್ ಒಪ್ಪಲಿಲ್ಲ. ನ್ಯೂಯಾರ್ಕಿನ ಕೂಟದವರು ಅವರ ತಂಡದಿಂದ ವಯಸ್ಸಾದವರನ್ನೆಲ್ಲ ಕೈಬಿಟ್ಟಿದಾರೆ, ನಾವು ಮಾತ್ರ ದಾಕ್ಷಿಣ್ಯ ನೋಡ್ಕೊಂಡು ಕೂತ್ರೆ ಸ್ಪರ್ಧೆಯಲ್ಲಿ ಸೋಲ್ತೀವಿ ಅಂದ. ಸ್ಟೇಜ್ ಮೇಲೆ ಮೆಟ್ಟಿಲಿದೆ, ಅಂಕಲ್ ಬಿದ್ರೆ ಲಯಬಿಲಿಟಿ ಯಾರದು ಅಂದ. ಬಂದಿದ್ದು ಆರ್ಡರ್. ನಾನು ಬರೀ ಡೈರೆಕ್ಟರ್.

ಆದ್ರೆ ಆ ಈಮೇಲ್... ಅದು ಹಾಗೆ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ, ನಿಮ್ಮಾಣೆ. ನಾಟಕದವರಿಗೆ ಮಾತ್ರ ಕಳಿಸ್ತಾರೆ ಅಂದ್ಕೊಂಡೆ. ಕೂಟದ ಪೂರಾ ಲಿಸ್ಟಿಗೆ ಹಾಕಿಬಿಟ್ಟ. "ಚಂದ್ರಶೇಖರ್ ಅಂಕಲ್ ಅವರ ನೆನಪಿನ ಶಕ್ತಿಯ ತೊಂದರೆಯಿಂದಾಗಿ"... ಹೀಗೆ ಬರೀತಾರಾ ಯಾರಾದ್ರೂ? ಮಾರನೇ ವಾರ ಅಣ್ಣನ ಕನ್ನಡ ಕ್ಲಾಸಿಗೆ ಹದಿನಾಲ್ಕು ಮಕ್ಕಳಲ್ಲಿ ಮೂರೇ ಬಂದಿದ್ದು ಅಂತ ಕೇಳಿದೆ. ಅದರ ಮುಂದಿನ ವಾರ ಅಣ್ಣನೇ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಭಾನುವಾರ ತಪ್ಪಿಸಿದವರಲ್ಲ. ಹಿಮ ಬಿದ್ದಾಗಲೂ ಗಾಡಿ ತೆಗೆದೋರು. ಈಗ ಗಾಡಿ ಕೀ ಕೂಡ ನೀವೇ ಇಟ್ಕೊಂಡಿದೀರಂತೆ.

ನಾನು ಬರಬೇಕಿತ್ತು ಮನೆಗೆ. ಬಂದು ಮಾತಾಡಬೇಕಿತ್ತು. ಮೂರು ವಾರ ಆಯ್ತು... ತಾಲೀಮು, ಆಫೀಸು. ಎರಡು ಸಲ ನಿಮ್ಮ ರಸ್ತೆ ತನಕ ಬಂದೆ. ಲೈಟ್ ಹಾಕಿತ್ತು. ಹಾಗೇ ಡ್ರೈವ್ ಮಾಡ್ಕೊಂಡು ಹೋದೆ.

ಈಗಲೂ ಏನೂ ಮುಳುಗಿ ಹೋಗಿಲ್ಲ ಅತ್ತಿಗೆ. ಅರ್ಲಿ ಸ್ಟೇಜ್ ಇದು. ಪ್ರಿನ್ಸ್‌ಟನ್ ಡಾಕ್ಟರ್ ಏನಂದಿದಾರೆ, ಮಾತ್ರೆ ಸರಿಯಾಗಿ ತಗೊಂಡ್ರೆ ಎರಡು ಮೂರು ವರ್ಷ ಹೆಚ್ಚು ಕಮ್ಮಿ ಹೀಗೇ ಇರ್ತಾರೆ ಅಂತ ತಾನೇ? ಮಾರ್ಚಲ್ಲಿ ಸ್ಕ್ಯಾನ್ ಆದಾಗ...

ಆ ಸ್ಕ್ಯಾನ್ ವಿಷಯ ಕಮಿಟಿಯಲ್ಲಿ ಬಂತು. ಅಲ್ಲೇ ಕೇಳಿದ್ದು ನಾನು. ಯಾರೋ ಹೇಳಿದಾರೆ ಅವರಿಗೆ. ಈ ಊರಲ್ಲಿ ಯಾರ ಬಾಯಿ ಸುಮ್ನಿರುತ್ತೆ? ಫಾರ್ಮಸಿಯಲ್ಲಿ ನಮ್ಮವರು ಇದಾರೆ, ಕ್ಲಿನಿಕ್ಕಲ್ಲಿ ನಮ್ಮವರು ಇದಾರೆ. ಯಾರೋ ಒಬ್ಬರು... ಕೆಟ್ಟದ್ದಕ್ಕೇ ಹೇಳಿರ್ತಾರೆ ಅಂತಲ್ಲ. ಅಣ್ಣನ ಒಳ್ಳೇದಕ್ಕೇ ಹೇಳಿರಬಹುದು.

ಸೂಜಿ ಯಾಕೆ ಕೆಳಗಿಟ್ಟಿರಿ?

...ಅತ್ತಿಗೆ.

ಯಾರು ಹೇಳಿದ್ದು ಅಂತ ಕೇಳಲ್ವಾ?

ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಕೇಳಿರೋರು. ಯಾರು ಆ ಮನೆಹಾಳ, ಹೆಸರು ಹೇಳು ಶಿವು ಅಂತ. ಬಂದಾಗಿನಿಂದ ಕೂತಿದೀರಿ. ಒಂದು ಸಲವೂ ಕೇಳಲಿಲ್ಲ.

...

ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿನ ಪಾರ್ಕಿಂಗ್ ಲಾಟಲ್ಲಿ. ಏಪ್ರಿಲ್ ಮೊದಲನೇ ವಾರ, ಬೆಳಗ್ಗೆ. ನನ್ನ ಗಾಡಿ ರಿಪೇರಿಗೆ ಕೊಟ್ಟಿದ್ದೆ, ಅಣ್ಣ ಡ್ರಾಪ್ ಮಾಡೋಕೆ ಬಂದಿದ್ರು. ಎಷ್ಟು ವರ್ಷದಿಂದ ತಿರುಗಿಸಿರೋ ತಿರುವು ಅದು, ಅವತ್ತು ಬಿಟ್ಟು ಮುಂದೆ ಹೋಗಿಬಿಟ್ರು. ಆಮೇಲೆ ಹೇಗೋ ಬಂದು ನಿಲ್ಲಿಸಿ, ಸ್ಟಿಯರಿಂಗ್ ಹಿಡ್ಕೊಂಡೇ ಎಲ್ಲಾ ಹೇಳಿದ್ರು. ಸ್ಕ್ಯಾನು, ಡಾಕ್ಟರು, ಮಾತ್ರೆ ಹೆಸರು. "ನಿಮ್ಮತ್ತಿಗೆಗೂ ಹೇಳಿಲ್ಲ ಕಣೋ. ನಾಟಕ ಮುಗೀಲಿ, ನಾನೇ ಹೇಳ್ತೀನಿ. ಅಲ್ಲೀತನಕ ನಿನ್ನೊಬ್ಬನಿಗೇ ಗೊತ್ತಿರ್ಲಿ. ಸ್ಟೇಜಲ್ಲಿ ಏನಾದ್ರೂ ತಪ್ಪಿದ್ರೆ ನೀನು ನನ್ನ ಕೈ ಮುಟ್ಟು, ನಾನು ಹಿಡ್ಕೋತೀನಿ" ಅಂದ್ರು. ನಾನು ಆಯ್ತಣ್ಣ ಅಂದೆ.

ಆರ್ಡರ್ ಅಂತ ಯಾವುದೂ ಬರಲಿಲ್ಲ ಅತ್ತಿಗೆ. ವಿಕ್ರಾಂತನಿಗೆ ಏನೂ ಗೊತ್ತಿರಲಿಲ್ಲ. ನಾನೇ ಫೋನ್ ಮಾಡಿದ್ದು. ನಾನೇ ಎಲ್ಲಾ ಬರೆದು ಕಳಿಸಿದ್ದು, ಡಾಕ್ಟರ್ ಹೇಳಿದ ಮಾತು ಸಮೇತ. ಮೆಟ್ಟಿಲು, ಲಯಬಿಲಿಟಿ ಅಂತ ಹೇಳಿಕೊಟ್ಟಿದ್ದೂ ನಾನೇ. ಕಮಿಟಿ ತೀರ್ಮಾನ ಅಂತ ಹೇಳಿಬಿಡಿ, ನನ್ನ ಹೆಸರು ಬೇಡ ಅಂದೆ.

ಅವತ್ತು ಅಣ್ಣ ಊಟ ಆಯ್ತಾ ಅಂದ್ರಲ್ಲ... ಅವರು ಒಂದು ಮಾತು ತಪ್ಪಿದ್ರು, ಅಷ್ಟೇ. ಮುಂದಿನ ಮಾತು ನಂದಿತ್ತು. "ಚಕ್ರವರ್ತಿಯ ಮಾತು" ಅನ್ನಬೇಕಿತ್ತು. ಪಕ್ಕದಿಂದ ಎರಡು ಸಲ ಪ್ರಾಂಪ್ಟ್ ಮಾಡಿದ್ರು. ನನ್ನ ಬಾಯಿ ಏಳಲಿಲ್ಲ. ದೃಶ್ಯ ನಿಂತಿದ್ದು ನನ್ನಿಂದ. ಎಲ್ಲರೂ ಅಂಕಲ್ ಮರೆತರು ಅಂದ್ಕೊಂಡ್ರು, ನಾನೂ ಹೂಂ ಅಂದುಬಿಟ್ಟೆ. ಆ ಮುಖ ಎದುರಿಗಿದ್ರೆ ಈ ಪಾತ್ರ ನನಗೆ ಮಾಡೋಕಾಗಲ್ಲ ಅಂತ ಅವತ್ತೇ ಗೊತ್ತಾಯ್ತು. ಬೇರೆ ಯಾರನ್ನಾದ್ರೂ ಮಗನ ಪಾತ್ರಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ಹನ್ನೆರಡು ವರ್ಷದ ಆಸೆ ಅಲ್ವಾ, ನನ್ನ ಬಿಟ್ಟು ಬೇರೆಯವರು ಯಾಕೆ ಮಾಡಬೇಕು ಅನ್ನಿಸ್ತು.

ಬೈದುಬಿಡಿ ಅತ್ತಿಗೆ. ಏನಾದ್ರೂ ಅನ್ನಿ.

...ನಿಮಗೆ ಅಣ್ಣನೇ ಹೇಳಿದ್ರಾ? ಡಾಕ್ಟರ್ ವಿಷಯ ಅಲ್ಲ, ನನ್ನ ವಿಷಯ. ಪಾರ್ಕಿಂಗ್ ಲಾಟಿಂದು. ...ಹೂಂ ಅಂತೀರಿ.

ಹೇಳಿದ್ರು.

ಯಾವತ್ತು? ಈಮೇಲ್ ಬಂದ ದಿನವೇನಾ? ...ಅವತ್ತೇ. ಅಂದ್ರೆ ಮೂರು ವಾರದಿಂದ ನಿಮಗೆ ಗೊತ್ತು. ಗೊತ್ತಿದ್ದೂ ಸೂಜಿ ಹಿಡ್ಕೊಂಡು ಬಂದ್ರಿ. ಅವರ ಅಂಗೀನ ನೀರಜ್‌ಗೆ ಉದ್ದ ಮಾಡ್ತಾ ಕೂತು, ನನ್ನ ಬಾಯಿಂದ ಈ ಚಕ್ರವರ್ತಿ, ಈ ಆಜ್ಞೆ... ಎಲ್ಲಾ ಕೇಳಿದ್ರಿ.

ಬಿಡಿ, ಅದನ್ನ ಮಡಚಬೇಡಿ. ಇನ್ನೂ ಒಂದು ಬದಿ ಆಗಿಲ್ಲ. ...ಸರಿ. ಸರಿ, ಮಡಚಿ. ತಗೊಂಡು ಹೋಗಿ. ನೀರಜ್‌ಗೆ ಏನಾದ್ರೂ ನೋಡ್ಕೋತೀನಿ.

ಒಂದು ನಿಮಿಷ ನಿಲ್ಲಿ. ಬಾಗಿಲ ಹತ್ರ ಆದ್ರೂ ಸರಿ, ಒಂದು ನಿಮಿಷ. ವಿಕ್ರಾಂತ್ ನನ್ನನ್ನ ಕೇಳಿದ್ದ, ಅಂಕಲ್‌ಗೆ ನಿಮ್ಮ ಮೇಲೆ ಅನುಮಾನ ಬಂದ್ರೆ ಏನ್ ಮಾಡ್ತೀರಿ ಅಂತ. ಬರಲ್ಲ ಅಂದೆ. ಅಷ್ಟು ಧೈರ್ಯವಾಗಿ ಹೇಳಿದೆ. ಯಾಕೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮಗೆ ಹೇಳಬೇಕು.

ನನಗೆ ಹೇಳಿದ್ದು ಅವರಿಗೆ ಮರೆತೇ ಹೋಗಿರುತ್ತೆ ಅಂದುಕೊಂಡಿದ್ದೆ, ಅತ್ತಿಗೆ.